ಟವರ್ ಪಾರ್ಕಿನ ಹೆಸರು, ಮದ್ರಾಸಿನ ಪದವಿ, ಬೇಸಿಗೆಯ ರಜೆ

ಚೆನ್ನೈಯ ಅಣ್ಣಾ ನಗರದಲ್ಲಿ ಯಾರನ್ನು ಕೇಳಿದರೂ ‘ಟವರ್ ಪಾರ್ಕ್’ ಎಂದೇ ಹೇಳುತ್ತಾರೆ. ಮೆಟ್ರೊ ನಿಲ್ದಾಣದ ಹೆಸರಿನಲ್ಲೂ ಟವರ್, ಆಟೊದವರ ಬಾಯಲ್ಲೂ ಟವರ್. ಅದರ ನಿಜವಾದ ಹೆಸರು ‘ಡಾ. ವಿಶ್ವೇಶ್ವರಯ್ಯ ಗೋಪುರ’ ಎಂಬುದು ದಿನವೂ ಅಲ್ಲಿ ವಾಕಿಂಗ್ ಬರುವ ಕನ್ನಡಿಗರಲ್ಲೇ ಎಷ್ಟೋ ಮಂದಿಗೆ ಗೊತ್ತಿಲ್ಲ. 1968ರಲ್ಲಿ ಮದ್ರಾಸಿನಲ್ಲಿ ನಡೆದ ವಿಶ್ವ ವಾಣಿಜ್ಯ ಮೇಳಕ್ಕಾಗಿ ಎದ್ದು ನಿಂತ ಗೋಪುರ ಅದು. ಎತ್ತರ 135 ಅಡಿ. ಸುರುಳಿ ಸುರುಳಿಯಾಗಿ ಸುತ್ತುವ ದಾರಿಯಲ್ಲಿ ನಡೆದು ಮೇಲೆ ಹೋದರೆ, ಒಂದೊಂದು ಸುತ್ತಿಗೂ ಕೆಳಗಿನ ಕೆರೆ ಚಿಕ್ಕದಾಗುತ್ತದೆ, ಮರಗಳ ತಲೆ ಕಾಲ ಕೆಳಗೆ ಬರುತ್ತದೆ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿದ್ದ ಈ ದಾರಿ 2023ರಲ್ಲಿ ಮತ್ತೆ ಜನರಿಗೆ ತೆರೆಯಿತು.

ಗೋಪುರ ಕಟ್ಟಿಸಿದವರು ಬಿ. ಎಸ್. ಅಬ್ದುರ್ ರಹಮಾನ್. ಮುಂದೆ 1984ರಲ್ಲಿ ಕ್ರೆಸೆಂಟ್ ಎಂಜಿನಿಯರಿಂಗ್ ಕಾಲೇಜನ್ನು ಸ್ಥಾಪಿಸಿದವರೂ ಅವರೇ. ಬಡಾವಣೆಯ ಹೆಸರು ಆಗ ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಅಣ್ಣಾದುರೈ ಅವರದು. ಗೋಪುರದ ಹೆಸರು ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಎಂಜಿನಿಯರ್‌ನದು. ಆ ಎಂಜಿನಿಯರ್‌ನ ಹೆಸರಿನ ಮುಂದಿರುವ ಮೋಕ್ಷಗುಂಡಂ ಎಂಬ ಊರು ಇರುವುದು ಇಂದಿನ ಆಂಧ್ರಪ್ರದೇಶದಲ್ಲಿ. ಒಂದು ಉದ್ಯಾನದ ಒಳಗೆ ಇಷ್ಟೆಲ್ಲ ನೆಲಗಳು ಸೇರಿಕೊಂಡಿವೆ.

ವಿಶ್ವೇಶ್ವರಯ್ಯನವರ ಹೆಸರು ಮದ್ರಾಸಿಗೆ ಹೊರಗಿನದೇನೂ ಅಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡು ಓದಿದ ಅವರು 1881ರಲ್ಲಿ ಪಡೆದ ಬಿ.ಎ. ಪದವಿ ಮದ್ರಾಸ್ ವಿಶ್ವವಿದ್ಯಾಲಯದ್ದು. 1857ರಲ್ಲಿ ಆರಂಭವಾದ ಆ ವಿಶ್ವವಿದ್ಯಾಲಯವೇ ಆಗ ಬೆಂಗಳೂರು, ಮೈಸೂರು, ಮಂಗಳೂರು, ಬಳ್ಳಾರಿಯ ಹುಡುಗರಿಗೆಲ್ಲ ಪದವಿ ಕೊಡುತ್ತಿದ್ದದ್ದು. ಮೂವತ್ತೈದು ವರ್ಷಗಳ ಮೇಲೆ, ದಿವಾನರಾಗಿದ್ದ ಅದೇ ವಿಶ್ವೇಶ್ವರಯ್ಯನವರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ವಿಶ್ವವಿದ್ಯಾಲಯವನ್ನು ಕಟ್ಟಿದರು. 1916ರ ಜುಲೈಯಲ್ಲಿ ಸೆಂಟ್ರಲ್ ಕಾಲೇಜೂ ಮಹಾರಾಜಾ ಕಾಲೇಜೂ ಮದ್ರಾಸಿನ ಕೈಬಿಟ್ಟು ಹೊಸ ಮನೆಗೆ ಬಂದವು. ಹೊಸ ಮನೆಯ ಮೊದಲ ಕುಲಪತಿ ಎಚ್. ವಿ. ನಂಜುಂಡಯ್ಯನವರೂ ಮದ್ರಾಸಿನ ಎಂ.ಎ., ಎಂ.ಎಲ್. ಪದವೀಧರರೇ. ಮಗಳು ಬೇರೆ ಸಂಸಾರ ಹೂಡಿದ ಮೇಲೂ ತವರಿನ ಕೈರುಚಿ ಉಳಿಯುವ ಹಾಗೆ, ಈ ನಂಟು ಅಷ್ಟು ಸುಲಭವಾಗಿ ಕಳಚಿಕೊಳ್ಳಲಿಲ್ಲ.

ಬೇಸಿಗೆಯ ಪ್ರಸ್ತಾಪ ಬರುವುದು ಇಲ್ಲಿ. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು 1915ರ ಮೇ ತಿಂಗಳಲ್ಲಿ, ಬೆಂಗಳೂರಿನಲ್ಲಿ. ಮೊದಲ ಅಧ್ಯಕ್ಷರು ಇದೇ ನಂಜುಂಡಯ್ಯನವರು. ಕಾಲೇಜಿನ ಮೇಷ್ಟರೂ ವಿದ್ಯಾರ್ಥಿಯೂ ಬಿಡುವಾಗಿರುವ ತಿಂಗಳು ಅದು. ಮದ್ರಾಸ್, ಮುಂಬಯಿ ಪ್ರಾಂತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರು ಒಂದು ಸೂರಿನಡಿ ಕೂತು ಮಾತಾಡಬೇಕಾದರೆ ಅಂಥ ಬಿಡುವು ಬೇಕಿತ್ತು. 1930ರ ದಶಕದಲ್ಲಿ ಡಿ. ವಿ. ಗುಂಡಪ್ಪನವರು ಪರಿಷತ್ತಿನ ಉಪಾಧ್ಯಕ್ಷರಾಗಿದ್ದಾಗ ನಡೆಸಿದ ಉತ್ಸವಕ್ಕೂ ‘ವಸಂತ ಸಾಹಿತ್ಯೋತ್ಸವ’ ಎಂದೇ ಹೆಸರು. ತರಗತಿ ನಡೆಯುವ ತಿಂಗಳುಗಳಲ್ಲಿ ಇಂಗ್ಲಿಷಿನಲ್ಲಿ ಷೇಕ್ಸ್‌ಪಿಯರ್ ಓದುವುದು, ರಜೆಯಲ್ಲಿ ಊರಿಗೆ ಬಂದು ತಮ್ಮ ನುಡಿಯಲ್ಲಿ ನಾಟಕ ಆಡುವುದು: ಆ ತಲೆಮಾರಿನ ಎಷ್ಟೋ ಜನರ ಬದುಕು ಹೀಗೆ ಎರಡು ಋತುಗಳಲ್ಲಿ ಸಾಗಿತು.

ಅವರಲ್ಲಿ ಇಬ್ಬರ ಹೆಸರನ್ನು ಅಣ್ಣಾ ನಗರದ ಮಕ್ಕಳಿಗೆ ಹೇಳಲೇಬೇಕು. ಮಾಸ್ತಿ ವೆಂಕಟೇಶ ಅಯ್ಯಂಗಾರರು ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದ್ದು ಮದ್ರಾಸಿನಲ್ಲಿ, 1914ರಲ್ಲಿ. ಟಿ. ಪಿ. ಕೈಲಾಸಂ ಓದಿದ್ದು ಮರೀನಾ ಎದುರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ, ವಿಷಯ ಭೂವಿಜ್ಞಾನ. ಇಬ್ಬರ ಮನೆಮಾತೂ ತಮಿಳು. ಒಬ್ಬರು ಕನ್ನಡ ಸಣ್ಣಕತೆಗೆ ದಾರಿ ಹಾಕಿದರು, ಇನ್ನೊಬ್ಬರು ‘ಟೊಳ್ಳು ಗಟ್ಟಿ’, ‘ಹೋಂ ರೂಲು’ಗಳಲ್ಲಿ ಬೆಂಗಳೂರಿನ ಬೀದಿಮಾತನ್ನು ರಂಗಕ್ಕೆ ಹತ್ತಿಸಿದರು. 1945ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಮದ್ರಾಸಿನಲ್ಲೇ ನಡೆದಾಗ ಅಧ್ಯಕ್ಷ ಪೀಠದಲ್ಲಿ ಕೂತವರು ಈ ಕೈಲಾಸಂ. ಮರುವರ್ಷವೇ ಅವರು ತೀರಿಕೊಂಡರು. ತಾನು ವಿದ್ಯಾರ್ಥಿಯಾಗಿದ್ದ ಊರಿನಲ್ಲಿ, ಮನೆಮಾತು ತಮಿಳಾದ ಒಬ್ಬ ನಾಟಕಕಾರ ಕನ್ನಡದ ಅತಿ ದೊಡ್ಡ ಗೌರವವನ್ನು ಪಡೆದ ಈ ಸಂಗತಿ ಚೆನ್ನೈ ಕನ್ನಡಿಗರ ಪಾಲಿಗೆ ದೊಡ್ಡ ಆಸ್ತಿ. ಅದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿಕೊಳ್ಳಬೇಕು.

ಕರಾವಳಿಯ ಕತೆ ಬೇರೆ. ಮಂಜೇಶ್ವರದ ಗೋವಿಂದ ಪೈಗಳು ಬಿ.ಎ. ಓದಲು ಮದ್ರಾಸಿಗೆ ಬಂದರು. ಮನೆಮಾತು ಕೊಂಕಣಿ, ಊರಮಾತು ತುಳು, ಬರೆಯುವ ಮಾತು ಕನ್ನಡ. ಕೊನೆಯ ಪರೀಕ್ಷೆಯ ಹೊತ್ತಿಗೆ ತಂದೆಯ ಸಾವಿನ ಸುದ್ದಿ ಬಂತು. ಓದು ಅರ್ಧಕ್ಕೇ ನಿಂತಿತು. ಆದರೂ ಬರೆದಿದ್ದ ಇಂಗ್ಲಿಷ್ ಪರೀಕ್ಷೆಗೆ ಚಿನ್ನದ ಪದಕ ಸಿಕ್ಕಿತು. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಅದಕ್ಕೆ ಮುಂಚೆ ಆ ಕಡೆಯ ವಿದ್ಯಾರ್ಥಿಗೆ ಮದ್ರಾಸು ಎಷ್ಟು ದೂರವಿತ್ತೆಂಬುದನ್ನು ಈಗಿನವರು ಊಹಿಸುವುದೂ ಕಷ್ಟ. ಪದವಿ ಇಲ್ಲದೆ ಹಿಂದಿರುಗಿದ ಆ ಕವಿಗೆ 1949ರಲ್ಲಿ ‘ರಾಷ್ಟ್ರಕವಿ’ ಬಿರುದು ಕೊಟ್ಟದ್ದು ಮದ್ರಾಸ್ ಸರ್ಕಾರ.

ಕೊಡು-ಕೊಳ್ಳುವಿಕೆ ಒಂದೇ ದಿಕ್ಕಿನಲ್ಲಿ ನಡೆಯಲಿಲ್ಲ. ತಿರುತ್ತಣಿಯ ರಾಧಾಕೃಷ್ಣನ್ 1918ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿಗೆ ಮೇಷ್ಟರಾಗಿ ಹೋದರು. ಮೂರು ವರ್ಷಗಳ ನಂತರ ಕಲ್ಕತ್ತೆಗೆ ಹೊರಟಾಗ ಅವರ ಸಾರೋಟನ್ನು ರೈಲ್ವೆ ನಿಲ್ದಾಣದವರೆಗೆ ಎಳೆದವರು ವಿದ್ಯಾರ್ಥಿಗಳು.

ಇನ್ನು ಮರೀನಾ ತೀರದ ವಿಶ್ವವಿದ್ಯಾಲಯದ ಒಳಗೆ ಕನ್ನಡ ಏನು ಮಾಡಿತು? 1920ರ ದಶಕದ ಕೊನೆಯಲ್ಲಿ ಅಲ್ಲಿ ಪ್ರಾಚ್ಯ ಸಂಶೋಧನ ಸಂಸ್ಥೆ ಆರಂಭವಾದಾಗ ಸಂಸ್ಕೃತ, ತಮಿಳು, ತೆಲುಗು, ಮಲಯಾಳಗಳ ಜೊತೆ ಕನ್ನಡಕ್ಕೂ ಜಾಗ ಸಿಕ್ಕಿತು. ಎ. ವೆಂಕಟರಾವ್ ಮತ್ತು ಎಚ್. ಶೇಷ ಅಯ್ಯಂಗಾರ್ 1930ರಲ್ಲಿ ಅಲ್ಲಿಂದ ‘ಕವಿರಾಜಮಾರ್ಗ’ವನ್ನು ಸಂಪಾದಿಸಿ ಹೊರತಂದರು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡನ್ನು ಗುರುತಿಸಿದ ಗ್ರಂಥಕ್ಕೆ ಬಂಗಾಳ ಕೊಲ್ಲಿಯ ದಂಡೆಯಲ್ಲಿ ಹೀಗೊಂದು ಪ್ರಕಟಣೆ ದೊರಕಿತು. 1936-37ರಿಂದ ಬಂದ ಸಂಸ್ಥೆಯ ಸಂಶೋಧನ ಪತ್ರಿಕೆಯದು ಇನ್ನೂ ಸೊಗಸು. ಒಂದೇ ಸಂಪುಟದಲ್ಲಿ ಕನ್ನಡ ಲಿಪಿಯ ಪುಟ ಮುಗಿಯುತ್ತಿದ್ದಂತೆ ಬೇರೆ ಭಾಷೆಯ ಭಾಗ, ಬೇರೆ ಲಿಪಿ. ಬೇರೆ ಬೇರೆ ನುಡಿಯ ವಿದ್ವಾಂಸರು ಒಂದೇ ಹೊಲಿಗೆಯಲ್ಲಿ ಕೂಡಿಕೊಂಡಿದ್ದರು.

ಆದರೆ ಅಲ್ಲಿನ ಕನ್ನಡ ವಿಭಾಗದ ಬಹು ದೊಡ್ಡ ಕೆಲಸ ಬಂದದ್ದು ಎಂ. ಮರಿಯಪ್ಪ ಭಟ್ಟರಿಂದ. 1967ರಲ್ಲಿ ಅವರೂ ಎ. ಶಂಕರ ಕೆದಿಲಾಯರೂ ಸೇರಿ ತುಳು-ಇಂಗ್ಲಿಷ್ ನಿಘಂಟನ್ನು ವಿಶ್ವವಿದ್ಯಾಲಯದಿಂದ ಹೊರತಂದರು. ಮರುವರ್ಷ, ಅಂದರೆ ಟವರ್ ಪಾರ್ಕಿನ ಗೋಪುರ ಎದ್ದ ಅದೇ 1968ರಲ್ಲಿ, ಕಿಟ್ಟೆಲ್ ನಿಘಂಟಿನ ಪರಿಷ್ಕೃತ ಆವೃತ್ತಿಯ ಪ್ರಕಟಣೆ ಶುರುವಾಯಿತು. 1971ರ ಹೊತ್ತಿಗೆ ನಾಲ್ಕು ಸಂಪುಟ ಮುಗಿದವು. ಕಿಟ್ಟೆಲ್ಲರ ಮೂಲ ನಿಘಂಟು 1894ರದು, ಮಂಗಳೂರಿನ ಬಾಸೆಲ್ ಮಿಶನ್ನಿನದು. ಜರ್ಮನಿಯ ಒಬ್ಬ ಪಾದ್ರಿ ಕನ್ನಡಕ್ಕಾಗಿ ಸವೆಸಿದ ಕಣ್ಣಿನ ಫಲ ಅದು. ಅದನ್ನು ಬೆಳೆಸಿ ಮುಂದಿನವರ ಕೈಗಿತ್ತದ್ದು ತಮಿಳು ನೆಲದ ವಿಶ್ವವಿದ್ಯಾಲಯ.

ಆ ನಿಘಂಟಿನ ಒಂದು ಪುಟ ತೆರೆದು ನೋಡಿದರೆ ಸಾಕು. ದಪ್ಪ ಕನ್ನಡ ಅಕ್ಷರದಲ್ಲಿ ಪದ, ಪಕ್ಕದಲ್ಲಿ ರೋಮನ್ ಲಿಪಿ, ಆಮೇಲೆ ಅರ್ಥ. ಮಧ್ಯೆ ಆವರಣದೊಳಗೆ ಒಂದೆರಡು ಅಕ್ಷರಗಳ ಸಂಕೇತಗಳು: ಇದು ತಮಿಳಿನಲ್ಲಿ ಹೀಗೆ, ತೆಲುಗಿನಲ್ಲಿ ಹೀಗೆ, ಮಲಯಾಳದಲ್ಲಿ, ತುಳುವಿನಲ್ಲಿ ಹೀಗೆ. ‘ಬೇಸಿಗೆ’ಯನ್ನೇ ತೆಗೆದುಕೊಳ್ಳಿ. ಬೇಯುವ ‘ಬೇ’ ಅದರ ಬೇರು. ಕನ್ನಡದ ಬಕಾರ ತಮಿಳು, ಮಲಯಾಳ, ತೆಲುಗುಗಳಲ್ಲಿ ವಕಾರ. ತಮಿಳಿನಲ್ಲಿ ‘ವೇ’ ಎಂದರೂ ಬೇಯುವುದೇ. ಅಲ್ಲಿಂದ ತಮಿಳಿನ ‘ವೇನಿಲ್’, ಮಲಯಾಳದ ‘ವೇನಲ್’, ತೆಲುಗಿನ ‘ವೇಸವಿ’. ನಾಲ್ಕು ನುಡಿಯವರೂ ಒಂದೇ ಬಿಸಿಲಿನಲ್ಲಿ ಬೆಂದು, ಒಂದೇ ಬೇರಿನಿಂದ ಆ ಕಾಲಕ್ಕೆ ಹೆಸರಿಟ್ಟಿದ್ದಾರೆ.

ಅಗ್ನಿನಕ್ಷತ್ರವೆಂಬ ಕಡುಬಿಸಿಲಿನ ದಿನಗಳಲ್ಲಿ ಅಣ್ಣಾ ನಗರದಲ್ಲಿದ್ದವರಿಗೆ ಆ ಬೇರಿನ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಹನ್ನೊಂದು ಗಂಟೆಗೇ ಬೀದಿ ಖಾಲಿ. ಸಂಜೆ ಸಮುದ್ರದ ಗಾಳಿ ತಿರುಗಿದ ಮೇಲೆ ಪಾರ್ಕ್ ತುಂಬುತ್ತದೆ. ರಜೆಗೆಂದು ಹಾಸ್ಟೆಲಿನಿಂದ ಬಂದ ಮಕ್ಕಳು, ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಬಂದ ಅಜ್ಜ ಅಜ್ಜಿಯರು, ತೆಲುಗು ಮಾತಾಡುವ ನೆರೆಯವರು, ಮಾರ್ವಾಡಿ ಕುಟುಂಬಗಳು ಎಲ್ಲರೂ ಅದೇ ಕೆರೆಯ ಸುತ್ತ. ಕನ್ನಡದ ಮನೆಗಳ ಹುಡುಗ ಹುಡುಗಿಯರು ಅಮ್ಮನ ಹತ್ತಿರ ಕನ್ನಡ, ಗೆಳೆಯರ ಹತ್ತಿರ ತಮಿಳು ಆಡುತ್ತಾರೆ. ಕನ್ನಡ ಓದಲು ಬರುವವರು ಕಡಿಮೆ. ಈ ಮಾತನ್ನು ಬೇಸರದಿಂದ ಹೇಳಿ ಸುಮ್ಮನಾಗುವ ಬದಲು, ಮುಂದಿನ ಬೇಸಿಗೆ ರಜೆಗೆ ಒಂದು ಕೆಲಸ ಹಮ್ಮಿಕೊಳ್ಳಬಹುದು.

ಬಿಸಿಲು ಏರುವ ಮುನ್ನ, ಒಂದು ಕೆಲಸದ ದಿನ ಬೆಳಿಗ್ಗೆ, ಹತ್ತಿಪ್ಪತ್ತು ಮಕ್ಕಳನ್ನು ಕರೆದುಕೊಂಡು ಟವರ್ ನಿಲ್ದಾಣದಲ್ಲಿ ಮೆಟ್ರೊ ಹತ್ತುವುದು. ಸೆಂಟ್ರಲ್‌ನಲ್ಲಿ ಬದಲಿಸಿ ಗವರ್ನಮೆಂಟ್ ಎಸ್ಟೇಟ್‌ನಲ್ಲಿ ಇಳಿದರೆ ಚೇಪಾಕ್ ಹತ್ತಿರ. ವಾಸ್ತುಶಿಲ್ಪಿ ಚಿಸಂ ವಿನ್ಯಾಸಗೊಳಿಸಿದ, 1879ರಲ್ಲಿ ಪೂರ್ತಿಯಾದ, ಮದ್ರಾಸ್ ವಿಶ್ವವಿದ್ಯಾಲಯದ ಸೆನೆಟ್ ಹೌಸ್‌ನ ಬಣ್ಣದ ಗಾಜುಗಳನ್ನು ಹೊರಗಿನಿಂದಾದರೂ ತೋರಿಸುವುದು. ಪದವಿಯ ವಿಚಾರ ಬಂದಾಗ ಮುದ್ದೇನಹಳ್ಳಿಯ ಹುಡುಗನ 1881ನ್ನು ನೆನಪಿಸುವುದು. ಮುಂಚಿತವಾಗಿ ಅನುಮತಿ ಪಡೆದು ಕಿಟ್ಟೆಲ್-ಮರಿಯಪ್ಪ ಭಟ್ಟರ ಒಂದು ಸಂಪುಟವನ್ನು ಮೇಜಿನ ಮೇಲೆ ತೆರೆದಿಟ್ಟು, ತಮಿಳು ಬಲ್ಲ ಮಗುವಿಗೇ ‘ಬೇ’ ಎಂಬಲ್ಲಿ ಬೆರಳಿಟ್ಟು ಓದಲು ಹೇಳುವುದು. ಸಂಜೆ ಪಾರ್ಕಿಗೆ ಮರಳಿ, ಗೋಪುರದ ಬುಡದ ಕಟ್ಟೆಯ ಮೇಲೆ ಕೂತು ಕೈಲಾಸಂ ಅವರ ನಾಟಕದ ಒಂದು ದೃಶ್ಯವನ್ನು ಗಟ್ಟಿಯಾಗಿ ಓದುವುದು. ಹತ್ತಿರ ಸುಳಿದ ತಮಿಳು ಗೆಳೆಯರನ್ನೂ ಕರೆದು ಕೂರಿಸಿಕೊಳ್ಳುವುದು. ಕೈಲಾಸಂ ಬಳಸಿದ ಕನ್ನಡದಲ್ಲಿ ಇಂಗ್ಲಿಷೂ ಬೆರೆತಿರುವುದರಿಂದ ಅವರಿಗೂ ಅರ್ಧ ತಿಳಿದೀತು. ಉಳಿದರ್ಧವನ್ನು ಪಕ್ಕದಲ್ಲಿ ಕೂತ ಮಗು ತಮಿಳಿನಲ್ಲಿ ಹೇಳಿಕೊಡಲಿ.