ಗಾರೆ ಮುಟ್ಟದವನ ಹೆಸರು

ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಗೋಡೆ ಕಟ್ಟುವವನನ್ನು ಹಿಂದೆ ಸ್ಕಾಟ್ಲೆಂಡಿನಲ್ಲಿ ‘ಕೌವನ್’ ಎನ್ನುತ್ತಿದ್ದರು. ಹೊಲದ ಅಂಚಿಗೋ ಕುರಿದೊಡ್ಡಿಗೋ ಅವನು ಕಟ್ಟಿದ್ದು ಸಾಕು. ಸುಣ್ಣದ ಗಾರೆ ಕಲಸುವುದು, ಕಲ್ಲನ್ನು ಮಟ್ಟಸವಾಗಿ ಕೆತ್ತುವುದು, ಕಮಾನು ಏರಿಸುವುದು ಅವನ ಕೆಲಸವಲ್ಲ. ಅದನ್ನೆಲ್ಲ ಅವನು ಯಾವ ಮೇಸ್ತ್ರಿಯ ಕೈಕೆಳಗೂ ಕಲಿತಿಲ್ಲ. ಇವತ್ತು ಇಂಗ್ಲೆಂಡ್, ಅಮೆರಿಕಗಳಲ್ಲಿ ವಿಕ್ಕಾ ಎಂಬ ಹೊಸ ಪೇಗನ್ ಧರ್ಮದ ದೀಕ್ಷೆ ಪಡೆದವರು ಹೊರಗಿನವರನ್ನು ಕರೆಯುವುದೂ ಇದೇ ಹೆಸರಿನಿಂದ. ಕಲ್ಲುಕೆಲಸದ ಮಾತು ಮಾಟದ ಮಂಡಲಕ್ಕೆ ಹೋಗಿ ಸೇರಿದ ದಾರಿಯಲ್ಲಿ ನಡೆದರೆ, ಆ ಪಂಥದಲ್ಲಿ ಗುರುವನ್ನು ಹುಡುಕುವವರ ಪ್ರಶ್ನೆಯೂ ಎದುರಾಗುತ್ತದೆ. ವಿದ್ಯೆ ಬಂದರೆ ಸಾಕೋ, ಅದು ಯಾರ ಕೈಯಿಂದ ಬಂತೆಂಬುದೂ ಬೇಕೋ?

ವಿಕ್ಕಾದವರು ತಮ್ಮ ಕೂಟಕ್ಕೆ ‘ಕವೆನ್’ ಎನ್ನುತ್ತಾರೆ. ಕಿವಿಗೆ ಹತ್ತಿರವೆನಿಸಿದರೂ ಆ ಪದ ಬೇರೆ. ಅದರ ಬೇರು ಲ್ಯಾಟಿನ್ನಿನ ‘ಕೂಡಿ ಬರು’ ಎಂಬ ಕ್ರಿಯೆಯಲ್ಲಿದೆ. ನಮ್ಮ ‘ಕೂಡು’ವಿನಿಂದ ‘ಕೂಟ’ ಬಂದ ಹಾಗೆ.

ಕೌವನ್‌ಗೆ ಮರಳೋಣ. 1598ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ದೊರೆ ಆರನೆಯ ಜೇಮ್ಸನ ಕಟ್ಟಡ ಕೆಲಸಗಳ ಮುಖ್ಯಾಧಿಕಾರಿ ವಿಲಿಯಂ ಶಾ ಕಲ್ಲುಕುಟಿಗರಿಗೆ ಕಟ್ಟಳೆಗಳನ್ನು ಬರೆದುಕೊಟ್ಟ. ಹುಡುಗ ಕಡಿಮೆಯೆಂದರೂ ಏಳು ವರ್ಷ ಮೇಸ್ತ್ರಿಯ ಬಳಿ ಕಲಿಯಬೇಕು; ಆಮೇಲೆ ಇನ್ನೂ ಏಳು ವರ್ಷ ದುಡಿದರೆ ಕಸುಬುದಾರರಲ್ಲಿ ಸರಿಸಮನಾಗುತ್ತಾನೆ. ಕೌವನ್‌ನನ್ನು ಕೆಲಸಕ್ಕೆ ಸೇರಿಸಿಕೊಂಡರೆ ದಂಡ. ಕೂಲಿ ಕಾಪಾಡಿಕೊಳ್ಳುವ ಆಸೆ ಇದರಲ್ಲಿತ್ತು, ನಿಜ. ಆದರೆ ತಲೆಯ ಮೇಲೆ ನಿಲ್ಲಬೇಕಾದ ಕಮಾನನ್ನು ಅರೆಕಲಿತವನ ಕೈಗೆ ಕೊಡಬಾರದೆಂಬ ವಿವೇಕವೂ ಇತ್ತು. ಇದೇ ಜೇಮ್ಸ್ ಅದರ ಹಿಂದಿನ ವರ್ಷ, 1597ರಲ್ಲಿ, ಮಾಟಗಾತಿಯರನ್ನು ಹಿಡಿದು ಶಿಕ್ಷಿಸಬೇಕೆಂದು ವಾದಿಸುವ ‘ಡೆಮನಾಲಜಿ’ ಎಂಬ ಪುಸ್ತಕ ಪ್ರಕಟಿಸಿದ್ದ. ಅವನ ಅಧಿಕಾರಿಯ ಕಟ್ಟಳೆಯಲ್ಲಿದ್ದ ಮಾತನ್ನು ಮುಂದೊಂದು ಕಾಲಕ್ಕೆ ತಮ್ಮನ್ನು ತಾವೇ ಮಾಟಗಾತಿಯರೆಂದು ಕರೆದುಕೊಳ್ಳುವವರು ಎತ್ತಿಕೊಂಡರು. ಪದಗಳ ಬೆನ್ನು ಹತ್ತಿದವರಿಗೆ ಇಂಥ ಕಡೆ ಮೈ ಜುಮ್ಮೆನ್ನುತ್ತದೆ.

ನೂರು ವರ್ಷ ಕಳೆಯುವಷ್ಟರಲ್ಲಿ ಪದ ಹೊರಳಿತು. 18ನೇ ಶತಮಾನದ ಮೊದಲ ದಶಕದಲ್ಲಿ ಕಿಲ್ವಿನಿಂಗ್ ಊರಿನ ಕಲ್ಲುಕುಟಿಗರ ಲಾಡ್ಜ್, ಅಂದರೆ ಕಸುಬಿನವರ ಸಂಘ, ಬರೆದಿಟ್ಟ ಅರ್ಥದಂತೆ ಕೌವನ್ ಎಂದರೆ ‘ಪದವಿಲ್ಲದವನು’. ಪದವೆಂದರೆ ಕಸುಬಿನವರು ಒಬ್ಬರನ್ನೊಬ್ಬರು ಗುರುತಿಸಲು ಬಳಸುತ್ತಿದ್ದ ಗುಟ್ಟಿನ ಮಾತು. ಗಾರೆ ಕಲಸಲು ಬಾರದವನು ಈಗ ಗುಟ್ಟು ಕೇಳಿಸಿಕೊಳ್ಳದವನಾದ. ಅಳತೆಗೋಲು ಕೈಯಿಂದ ಕಿವಿಗೆ ಸರಿಯಿತು. ಕಲ್ಲನ್ನೇ ಮುಟ್ಟದ ಜಮೀನುದಾರರೂ ವಕೀಲರೂ ಲಾಡ್ಜ್ ಸೇರಿ ಅದು ಫ್ರೀಮೇಸನ್ ಸಂಘವಾದಾಗ ಉಳಿದದ್ದು ಈ ಎರಡನೆಯ ಅರ್ಥವೇ. ಅಲ್ಲಿ ಸಭೆ ಸೇರಿದಾಗ ಒಬ್ಬ ಒರೆಯಿಂದ ಹಿರಿದ ಕತ್ತಿ ಹಿಡಿದು ಬಾಗಿಲ ಹೊರಗೆ ನಿಲ್ಲುತ್ತಾನೆ. ಕೌವನ್‌ಗಳನ್ನು ಒಳಗೆ ಬಿಡದಿರುವುದು ಅವನ ಕೆಲಸ.

ಅಂಥ ಬಾಗಿಲೊಂದನ್ನು 1910ರಲ್ಲಿ ಕೊಲಂಬೊದಲ್ಲಿ ದಾಟಿದವನು ಜೆರಾಲ್ಡ್ ಗಾರ್ಡ್ನರ್. ಸಿಲೋನಿನ ತೋಟಗಳಲ್ಲಿ ದುಡಿದು, ಮಲಯದಲ್ಲಿ ಸುಂಕದ ಅಧಿಕಾರಿಯಾಗಿದ್ದು, ಇಂಗ್ಲೆಂಡಿಗೆ ಮರಳಿದ ಮೇಲೆ, 1939ರಲ್ಲಿ ನ್ಯೂ ಫಾರೆಸ್ಟ್ ಸೀಮೆಯ ಮಾಟಗಾರರ ಕೂಟವೊಂದು ತನಗೆ ದೀಕ್ಷೆ ಕೊಟ್ಟಿತೆಂದು ಅವನು ಹೇಳಿಕೊಂಡ. ಬ್ರಿಟನ್ನಿನ 1735ರ ಮಾಟ ಕಾಯಿದೆ 1951ರಲ್ಲಿ ರದ್ದಾಯಿತು. 1954ರಲ್ಲಿ ಅವನ ‘ವಿಚ್‌ಕ್ರಾಫ್ಟ್ ಟುಡೇ’ ಪುಸ್ತಕ ಬಂತು. ಅವನಿಂದ ಬೆಳೆದ ವಿಕ್ಕಾದಲ್ಲಿ ಲಾಡ್ಜಿನ ಗುರುತುಗಳು ಎದ್ದು ಕಾಣುತ್ತವೆ. ಅಲ್ಲಿಯಂತೆ ಇಲ್ಲಿಯೂ ಮೂರು ಮೆಟ್ಟಿಲು. ಹೊಸಬರಿಗೆ ಕಣ್ಣಿಗೆ ಬಟ್ಟೆ, ಮೈಗೆ ಹಗ್ಗ. ಮಂಡಲದ ಅಂಚಿನಲ್ಲಿ ಎದೆಗೆ ತಾಗುವ ಕತ್ತಿಯ ಮೊನೆ. ಫ್ರೀಮೇಸನ್ನರಂತೆ ಇವರೂ ತಮ್ಮದನ್ನು ‘ಕ್ರಾಫ್ಟ್’ ಎನ್ನುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ಬಲ, ಕೈಚಳಕ ಎಂದಿದ್ದ ಪದ ಅದು. ನಮ್ಮಲ್ಲೂ ‘ಮಾಡು’ವಿನಿಂದ ಹುಟ್ಟಿದ ‘ಮಾಟ’ ಇದಕ್ಕೆ ದೂರದ್ದಲ್ಲ. ಮಾಟವಾದ ಮೂಗು ಎನ್ನುವಾಗ ಅದರಲ್ಲಿ ಕುಶಲಿಯ ಕೈಯನ್ನೇ ನೆನೆಯುತ್ತೇವೆ. ಕೌವನ್ ಎಂಬ ಮಾತೂ ಇದೇ ಸಾಮಾನಿನ ಜೊತೆ ಬಂತು. ಶರಣರ ಮಾತಿನಲ್ಲಿ ‘ಭವಿ’ ಹೇಗೆ ಇಷ್ಟಲಿಂಗದ ದೀಕ್ಷೆಯಿಲ್ಲದವರನ್ನು ಗುರುತಿಸುತ್ತದೋ ಹಾಗೆ ಇಲ್ಲಿ ಇದು ಹೊರಗಿನವರನ್ನು ಗುರುತಿಸುತ್ತದೆ.

ಗಾರ್ಡ್ನರ್ ಪರಂಪರೆಯ ಕೂಟ ಸೇರಬಯಸುವವರನ್ನು ಸಾಮಾನ್ಯವಾಗಿ ಒಂದು ವರ್ಷ ಒಂದು ದಿನ ಕಾಯಿಸುತ್ತಾರೆ. ಗಂಡಿಗೆ ಹೆಣ್ಣು, ಹೆಣ್ಣಿಗೆ ಗಂಡು ದೀಕ್ಷೆ ಕೊಡುವುದು ವಾಡಿಕೆ. ಆಮೇಲೆ ಗುರುವಿನ ‘ನೆರಳುಗಳ ಪುಸ್ತಕ’ವನ್ನು ಶಿಷ್ಯೆ ತನ್ನ ಕೈಬರಹದಲ್ಲಿ ನಕಲು ಮಾಡಿಕೊಳ್ಳಬೇಕು. ಮಂತ್ರ, ವಿಧಿ, ನೇಮ ಎಲ್ಲ ಅದರಲ್ಲಿವೆ. ಸಂಜೆಗಳ ಮೇಲೆ ಸಂಜೆ ಕೂತು ಬರೆಯುವಾಗ ಕೈ ಸೋಲುತ್ತದೆ. ಅಕ್ಷರ ತಪ್ಪಿದ ಕಡೆ ನಿಂತು ಕೇಳಬೇಕಾಗುತ್ತದೆ, ಕೇಳಿದಾಗ ಎದುರಿಗಿದ್ದವರು ವಿವರಿಸುತ್ತಾರೆ. ಕಿವಿಗೆ ಜಾರಿದ್ದ ವಿದ್ಯೆ ಇಲ್ಲಿ ಮತ್ತೆ ಕೈಗೆ ಇಳಿಯುತ್ತದೆ ಎಂದೇ ನನಗನಿಸುತ್ತದೆ. ಈ ಪರಂಪರೆಯಲ್ಲಿ ದೀಕ್ಷೆಗೆ ಹಣ ತೆಗೆದುಕೊಳ್ಳುವಂತಿಲ್ಲ. ಗುರುವನ್ನು ಅರಸುವವರು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ದೀಕ್ಷೆಗೆ ದರ ಹೇಳುವವರು, ಅವಸರ ಮಾಡುವವರು, ಮೈಯನ್ನು ದಕ್ಷಿಣೆಯಾಗಿ ಬಯಸುವವರು ಎಷ್ಟು ದೊಡ್ಡ ವಂಶಾವಳಿ ತೋರಿಸಿದರೂ ಅವರಿಂದ ಎದ್ದು ಬರಬೇಕು.

ಹತ್ತಿರದಲ್ಲಿ ಕೂಟವೇ ಇಲ್ಲದವರು ಏನು ಮಾಡಬೇಕು? 1953ರಲ್ಲಿ ಗಾರ್ಡ್ನರನಿಂದಲೇ ದೀಕ್ಷೆ ಪಡೆದು, ಆ ಪುಸ್ತಕದ ಎಷ್ಟೋ ಭಾಗವನ್ನು ಹೊಸದಾಗಿ ಬರೆದ ಡೊರೀನ್ ವ್ಯಾಲಿಯೆಂಟ್, 1978ರ ತಮ್ಮ ಕೃತಿಯಲ್ಲಿ ಒಬ್ಬರೇ ಮಾಡಿಕೊಳ್ಳಬಹುದಾದ ದೀಕ್ಷಾವಿಧಿಯನ್ನು ಕೊಟ್ಟರು. ಬಾಗಿಲ ಒಳಗಿದ್ದವರೇ ಬಾಗಿಲು ತೆರೆದರು. ಹತ್ತು ವರ್ಷದ ಮೇಲೆ ಅಮೆರಿಕದ ಸ್ಕಾಟ್ ಕನಿಂಗ್‌ಹ್ಯಾಮ್ ಒಂಟಿ ಸಾಧಕರಿಗೆಂದೇ ಕೈಪಿಡಿ ಬರೆದ. ಅದನ್ನು ಓದಿ, ಹುಣ್ಣಿಮೆಗಳಲ್ಲಿ ಒಬ್ಬಳೇ ದೀಪ ಹಚ್ಚಿ, ತಪ್ಪಿ, ತಿದ್ದಿಕೊಂಡು ಹತ್ತಾರು ವರ್ಷ ನಡೆದವಳನ್ನು ಕೌವನ್ ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. ಶಾ ಬರೆದ ಕಟ್ಟಳೆಯ ಲೆಕ್ಕದಲ್ಲಿ ನೋಡಿದರೂ ಅವಳು ವರ್ಷಗಳನ್ನು ಕೊಟ್ಟಿದ್ದಾಳೆ. ಅವಳ ಬಳಿ ಇಲ್ಲದ್ದು ಕಿಲ್ವಿನಿಂಗ್‌ನವರ ಪದ ಮಾತ್ರ.

ಇನ್ನು, ಹೆಸರಿನ ಮೊದಲ ಒಡೆಯನಾದ ಆ ಗೋಡೆಯವನ ಕಥೆ. ಗಾರೆಯಿಲ್ಲದ ಗೋಡೆ ಕಟ್ಟುವವರದ್ದೇ ಒಂದು ಸಂಘ 1968ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿತು. ಈಗ ಅದು ಪರೀಕ್ಷೆ ನಡೆಸುತ್ತದೆ. ಕಲಿಯುವವರು ಹೊಲದಲ್ಲಿ ಗೋಡೆ ಬಿಚ್ಚಿ ಕಲ್ಲುಗಳನ್ನು ಹುಲ್ಲಿನ ಮೇಲೆ ಹರಡಿಕೊಂಡು, ಗೊತ್ತಾದ ಸಮಯದೊಳಗೆ ಮತ್ತೆ ಕಟ್ಟಬೇಕು. ನಾಲ್ಕು ಹಂತಗಳು, ಕೊನೆಯದನ್ನು ದಾಟಿದವರಿಗೆ ‘ಮಾಸ್ಟರ್ ಕ್ರಾಫ್ಟ್ಸ್‌ಮನ್’ ಎಂಬ ಹೆಸರು.