ಆದವಾನಿ ಬೆಳೆದ ದಾರಿ, ನೀರು ಬಂದ ದಾರಿ



ಕೌತಾಳಂ, ಹೊಳಗುಂದ, ಕೋಸಿಗಿ, ಆಲೂರು ಕಡೆಯ ಹಳ್ಳಿಗಳ ನಮಗೆಲ್ಲ ಪೇಟೆ ಎಂದರೆ ಆದವಾನಿಯೇ. ಮದುವೆಯ ಜವಳಿ ತರಲು, ಹತ್ತಿ ಮಾರಲು, ರೈಲು ಹತ್ತಲು ನಾವು ಅಲ್ಲಿಗೇ ಹೋಗುವವರು. ಮನೆಯಲ್ಲಿ ಕನ್ನಡ, ಮಂಡಿಯಲ್ಲಿ ತೆಲುಗು, ಎರಡೂ ನಮ್ಮವೇ. ಆ ಪೇಟೆ ಈಗ ಸುತ್ತಲೂ ಹಬ್ಬುತ್ತಿದೆ. ಹತ್ತಿ ಬೆಳೆಯುತ್ತಿದ್ದ ಎರೆ ಹೊಲಗಳಲ್ಲಿ ಗಡಿಕಲ್ಲು ನೆಟ್ಟು ನಿವೇಶನಗಳನ್ನು ಮಾರುತ್ತಿದ್ದಾರೆ. ರಸ್ತೆ ಅಗಲವಾಗಬೇಕು, ಚರಂಡಿ ಆಗಬೇಕು, ಆದವಾನಿಯನ್ನೇ ಜಿಲ್ಲೆ ಮಾಡಬೇಕು ಎಂಬ ವಾದಗಳನ್ನು ನೀವೂ ಚಹಾದಂಗಡಿಯಲ್ಲಿ ಕೇಳಿರುತ್ತೀರಿ.

ನಾನು ಮೆಟ್ರಿಕ್ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು, ಇತಿಹಾಸದ ಪಂಡಿತನಲ್ಲ. ಆದರೆ ಜಮಾ ಎಷ್ಟು, ಖರ್ಚು ಎಷ್ಟು ಎಂದು ನೋಡುವ ಅಭ್ಯಾಸ ಬಿಟ್ಟಿಲ್ಲ. ಹಾಗೆ ನೋಡಿದಾಗ, ನೂರೈವತ್ತು ವರ್ಷಗಳಿಂದ ಈ ಊರಿನ ಬೆಳವಣಿಗೆಯ ವಾದಗಳ ಬುಡದಲ್ಲಿ ಒಂದೇ ಪ್ರಶ್ನೆ ಇರುವುದು ಕಾಣುತ್ತದೆ: ನೀರು ಎಲ್ಲಿಂದ ಬರಬೇಕು, ಯಾರ ಪಾಲಿನಿಂದ ಬರಬೇಕು?

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಬೆಟ್ಟದ ಮೇಲಿನ ಕೋಟೆಯಿಂದ ಆದವಾನಿಗೆ ಹೆಸರು ಬಂತು. ವಿಜಯನಗರದವರು, ಬಿಜಾಪುರದವರು, ಮೊಗಲರು, ನಿಜಾಮರು ಒಬ್ಬರಾದ ಮೇಲೆ ಒಬ್ಬರು ಇದನ್ನು ಆಳಿದರು. 1786ರಲ್ಲಿ ಟಿಪ್ಪು ಸುಲ್ತಾನ ಕೋಟೆಯನ್ನು ಹಿಡಿದ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲ ಎಂಬ ಹೆಸರು ಬಂದದ್ದು ಆಗಲೇ. ಥಾಮಸ್ ಮನ್ರೋ ಮೊದಲ ಪ್ರಧಾನ ಕಲೆಕ್ಟರ್ ಆಗಿ 1807ರವರೆಗೆ ಇಲ್ಲಿದ್ದರು. ಆಮೇಲೆ ಬಳ್ಳಾರಿ ಜಿಲ್ಲೆಯಾಯಿತು, ಆದವಾನಿ ಅದರ ಒಂದು ತಾಲ್ಲೂಕಾಯಿತು.

ಕೋಟೆಗೆ ಬೇಕಾದ ನೀರು ಸ್ವಲ್ಪ. ಬೆಟ್ಟದ ಮೇಲಿನ ಹೊಂಡಗಳಲ್ಲಿ ಮಳೆಯ ನೀರು ನಿಂತರೆ ದಂಡಿಗೆ ಸಾಕಾಗುತ್ತಿತ್ತು. ಪೇಟೆಯ ಸಂಗತಿ ಬೇರೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಹಿಂದೂಸ್ಥಾನದ ಹತ್ತಿಗೆ ಒಮ್ಮೆಲೇ ಬೆಲೆ ಏರಿತು. ನಮ್ಮ ಎರೆ ಭೂಮಿಗೂ ಆ ಬಿಸಿ ತಟ್ಟಿತು. ಆದವಾನಿಗೆ ಪುರಸಭೆ ಬಂದದ್ದು 1865ರಲ್ಲಿ. 1871ರಲ್ಲಿ ಮದ್ರಾಸಿನ ರೈಲುದಾರಿ ಆದವಾನಿಯನ್ನು ಹಾದು ರಾಯಚೂರಿನಲ್ಲಿ ಬೊಂಬಾಯಿಯ ದಾರಿಯನ್ನು ಕೂಡಿಕೊಂಡಿತು. ಹತ್ತಿ ಬಿಡಿಸುವ, ಅಂಡಿಗೆ ಕಟ್ಟುವ ಕಾರ್ಖಾನೆಗಳು ಎದ್ದವು. ಗಾಡಿಗಳ ಸಾಲು, ಅಡತಿ ಅಂಗಡಿಗಳು, ಕೂಲಿಗೆ ಬಂದ ಜನ, ಎಲ್ಲವೂ ಸೇರಿ ಪೇಟೆ ಬೆಳೆಯಿತು. 1901ರ ಜನಗಣತಿಯಲ್ಲಿ ಇಲ್ಲಿದ್ದವರು 30,416 ಮಂದಿ. 2011ರ ಹೊತ್ತಿಗೆ ಅದು 1.66 ಲಕ್ಷಕ್ಕೆ ಮುಟ್ಟಿತು.

ಆ ಕಾಲದಲ್ಲಿಯೇ ಒಂದು ದೊಡ್ಡ ವಾದ ನಡೆಯಿತು. ಸರ್ಕಾರದ ಹಣವನ್ನು ರೈಲಿಗೆ ಹಾಕಬೇಕೋ, ಕಾಲುವೆಗೆ ಹಾಕಬೇಕೋ ಎಂಬುದೇ ಆ ವಾದ. ಗೋದಾವರಿಗೆ ಅಣೆ ಕಟ್ಟಿಸಿದ ಸರ್ ಆರ್ಥರ್ ಕಾಟನ್ ಕಾಲುವೆಯ ಪಕ್ಷ. ಬಳ್ಳಾರಿ ಸೀಮೆಗೆ ತುಂಗಭದ್ರೆಯ ನೀರು ತರಬೇಕೆಂದು ಅವರು 1860ರಲ್ಲಿಯೇ ಯೋಚಿಸಿದ್ದರು. ಆಗ ಕಟ್ಟಿದ್ದು ಸುಂಕೇಸುಲದಿಂದ ಹೊರಡುವ ಕರ್ನೂಲು–ಕಡಪ ಕಾಲುವೆ ಮಾತ್ರ. ಅದು ಪೂರ್ವದ ಕಡೆ ಹೋಯಿತು. ನಮ್ಮ ಪಾಲಿಗೆ ಬಂದದ್ದು ರೈಲು.

1876ರಲ್ಲಿ ಮಳೆ ಕೈಕೊಟ್ಟಿತು. ನಮ್ಮ ಹಿರಿಯರು ಧಾತು ಬರ ಎಂದು ನೆನೆಯುತ್ತಿದ್ದದ್ದು ಇದನ್ನೇ. 1878ರವರೆಗೆ ನಡೆದ ಆ ಬರದಲ್ಲಿ ಮದ್ರಾಸ್ ಪ್ರಾಂತದಲ್ಲಿ ತೀರಾ ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ರೈಲಿನಲ್ಲಿ ಧಾನ್ಯ ಬರುತ್ತಿತ್ತು, ಕೊಳ್ಳಲು ಜನರ ಕೈಯಲ್ಲಿ ಕಾಸಿರಲಿಲ್ಲ. 1878ರಲ್ಲಿ ಕಾಟನ್ ಅವರು ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ತಮ್ಮ ವಾದವನ್ನು ಮಂಡಿಸಿದರು. ಆದರೂ ತುಂಗಭದ್ರೆಗೆ ಅಣೆಕಟ್ಟು ಬರಲು ಇನ್ನೂ ಮುಕ್ಕಾಲು ಶತಮಾನ ಕಾಯಬೇಕಾಯಿತು. ಹೊಳೆಯ ಒಂದು ದಡ ಮದ್ರಾಸಿನದು, ಇನ್ನೊಂದು ನಿಜಾಮರದು. ಪಾಲಿನ ಮಾತು ಬಗೆಹರಿಯಲಿಲ್ಲ.

ಕೊನೆಗೆ 1944ರಲ್ಲಿ ಮದ್ರಾಸಿಗೂ ಹೈದರಾಬಾದಿಗೂ ಒಪ್ಪಂದವಾಗಿ, 1945ರ ಫೆಬ್ರವರಿಯಲ್ಲಿ ಹೊಸಪೇಟೆಯ ಹತ್ತಿರ ಶಂಕುಸ್ಥಾಪನೆಯಾಯಿತು. 1953ರಲ್ಲಿ ಕಾಲುವೆಗಳಿಗೆ ನೀರು ಬಂತು. ಸುಮಾರು 90 ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದವು. ಆ ಊರುಗಳವರ ಮನೆ, ಗುಡಿ, ಹೊಲ ಹೋದ ಮೇಲೆಯೇ ನಮಗೆ ನೀರು ಬಂದದ್ದು. ಖರ್ಚಿನ ಬದಿಗೆ ಇದನ್ನು ಬರೆಯದೆ ಇರಬಾರದು.

ಅದೇ ವರ್ಷ ಇನ್ನೊಂದು ಘಟನೆ ನಡೆಯಿತು. ಪೊಟ್ಟಿ ಶ್ರೀರಾಮುಲು ಅವರು 1952ರ ಡಿಸೆಂಬರ್ 15ರಂದು ಉಪವಾಸದಲ್ಲಿ ಪ್ರಾಣ ಬಿಟ್ಟ ಮೇಲೆ ಆಂಧ್ರ ರಾಜ್ಯ ಬೇಗ ಆಗಲೇಬೇಕಾಯಿತು. ಬಳ್ಳಾರಿ ಜಿಲ್ಲೆಯನ್ನು ಒಡೆದರು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ ತಾಲ್ಲೂಕಿನ ಪ್ರಶ್ನೆಯನ್ನು ನ್ಯಾಯಮೂರ್ತಿ ಮಿಶ್ರಾ ಅವರು ವಿಚಾರಿಸಿದ ಮೇಲೆ ಅದೂ ಜಿಲ್ಲೆಯ ಉಳಿದ ಭಾಗವೂ ಮೈಸೂರಿಗೆ ಹೋದವು. 1953ರ ಅಕ್ಟೋಬರ್ 1ರಿಂದ ಅಣೆಕಟ್ಟು ಒಂದು ರಾಜ್ಯದಲ್ಲಿ, ಅದೇ ನೀರನ್ನು ನಂಬಿದ ನಮ್ಮ ಹೊಲ ಇನ್ನೊಂದು ರಾಜ್ಯದಲ್ಲಿ. ಭಾಷೆಯ ಗಡಿ ಎಂದು ಎಳೆದ ಗೆರೆ ನಮ್ಮ ಪಾಲಿಗೆ ನೀರಿನ ಗಡಿಯೂ ಆಯಿತು. ಎರಡೂ ಕಡೆಗೆ ನೀರು ಹಂಚಲೆಂದು ತುಂಗಭದ್ರಾ ಮಂಡಳಿ ಬಂತು. ಕೆಳಮಟ್ಟದ ಕಾಲುವೆಯ ಸುಮಾರು 250 ಕಿಲೋಮೀಟರ್ ಉಸ್ತುವಾರಿ ಅದರದೇ.

ಈಗ ಲೆಕ್ಕಕ್ಕೆ ಬರೋಣ. ಬಚಾವತ್ ನ್ಯಾಯಮಂಡಳಿಯ ಪ್ರಕಾರ ಕೆಳಮಟ್ಟದ ಕಾಲುವೆಯಲ್ಲಿ ನಮ್ಮ ಕರ್ನೂಲು ಕಡೆಗೆ 24 ಟಿಎಂಸಿ ಪಾಲು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಇದರಿಂದ ಸುಮಾರು 1.5 ಲಕ್ಷ ಎಕರೆ ನೆನೆಯಬೇಕು. ಆದವಾನಿಯ ಕುಡಿಯುವ ನೀರೂ ಬಹುಪಾಲು ಇದೇ ಕಾಲುವೆಯದು. ಹಿಂದೆ ಊರು ರಾಮಜಲ ಕೆರೆಯನ್ನು ನಂಬಿತ್ತು. ಊರು ದೊಡ್ಡದಾದಂತೆ ಅದು ಸಾಲದೆ, ಕಾಲುವೆಯ ನೀರನ್ನು ಬೇಸಿಗೆಗೆಂದು ಬಸಾಪುರದ ಟ್ಯಾಂಕಿನಲ್ಲಿ ತುಂಬಿಸಿಡುವ ಏರ್ಪಾಡಾಯಿತು.

"ನಮ್ಮ ಪೈರಿನ ನೀರನ್ನು ಪೇಟೆಯವರು ಕುಡಿದರು" ಎಂದು ಹಳ್ಳಿಯಲ್ಲಿ ಅನ್ನುವುದುಂಟು. ಇದು ನಿಜವೇ? ಕಾಗದ ಪೆನ್ಸಿಲು ತೆಗೆದುಕೊಳ್ಳಿ. ಪಟ್ಟಣಗಳಿಗೆ ಸರ್ಕಾರ ಇಟ್ಟುಕೊಂಡಿರುವ ಅಳತೆ ತಲೆಗೆ ದಿನಕ್ಕೆ 135 ಲೀಟರ್. 1.66 ಲಕ್ಷ ಜನಕ್ಕೆ ದಿನಕ್ಕೆ ಸುಮಾರು 2.24 ಕೋಟಿ ಲೀಟರ್ ಆಯಿತು. ಇಡೀ ವರ್ಷಕ್ಕೆ ಲೆಕ್ಕ ಹಾಕಿದರೂ ಒಂದು ಟಿಎಂಸಿಯ ಮೂರನೇ ಒಂದು ಭಾಗ ಮುಟ್ಟುವುದಿಲ್ಲ. 24ರಲ್ಲಿ ಇದು ನೂರಕ್ಕೆ ಒಂದೂಕಾಲು ಪಾಲಿನಷ್ಟು. ಊರು ಇಮ್ಮಡಿಯಾದರೂ ನೂರಕ್ಕೆ ಎರಡೂವರೆ. ಅಂದಮೇಲೆ ಕಾಲುವೆಯ ಕೊನೆಯ ಹೊಲ ಒಣಗುವುದಕ್ಕೆ ಪೇಟೆಯ ಕೊಡ ಕಾರಣವಲ್ಲ.

ಕಾರಣ ಬೇರೆ ಕಡೆ ಇದೆ. ಜಲಾಶಯ ಮೊದಲು ಸುಮಾರು 132 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಕಾಲುವೆ ಉದ್ದವಾದದ್ದು, ದಾರಿಯಲ್ಲಿ ಜಿನುಗುವುದು, ಮೇಲಿನವರು ಅಡ್ಡದಾರಿಯಲ್ಲಿ ಎತ್ತಿಕೊಳ್ಳುವುದು ಎರಡೂ ನಡೆಯುತ್ತವೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು. ತುಂಬಿದ ಜಲಾಶಯದ ನೀರು ಕಣ್ಣೆದುರೇ ಹೊಳೆಗೆ ಹರಿಯಿತು. ಒಂದು ವಾರದ ಹೊತ್ತಿಗೆ ತಾತ್ಕಾಲಿಕ ಅಡ್ಡಗೇಟು ಕೂರಿಸಿದರು. ಗೇಟುಗಳು ಹಳೆಯವಾದ್ದರಿಂದ 2025ರಲ್ಲಿ 80 ಟಿಎಂಸಿ ಮಾತ್ರ ನಿಲ್ಲಿಸಿಕೊಳ್ಳಬೇಕಾಯಿತು. ಹೂಳಿಗೆ ಪರಿಹಾರವೆಂದು ಕರ್ನಾಟಕವು ನವಲಿಯಲ್ಲಿ ಇನ್ನೊಂದು ಜಲಾಶಯದ ಪ್ರಸ್ತಾವ ಇಟ್ಟಿದೆ. ಅದಕ್ಕೆ ಮೂರು ರಾಜ್ಯಗಳ ಒಪ್ಪಿಗೆ ಬೇಕು.

ಹಾಗಾದರೆ ಪೇಟೆ ಬೆಳೆಯುವುದರಿಂದ ಹಳ್ಳಿಗೆ ಬಾಧೆಯೇ ಇಲ್ಲವೇ? ಇದೆ, ಆದರೆ ಅದು ಹಿಂದಿನ ಬಾಗಿಲಿನಿಂದ ಬರುತ್ತದೆ. ಬಚಾವತ್ ನ್ಯಾಯಮಂಡಳಿ ಊರುಗಳಿಗೆ ತೆಗೆದುಕೊಂಡ ನೀರಿನಲ್ಲಿ ಶೇಕಡ 20ನ್ನು ಮಾತ್ರ ಖರ್ಚಿಗೆ ಹಿಡಿಯಿತು. ಉಳಿದ 80 ಬಚ್ಚಲು, ಚರಂಡಿಗಳ ಮೂಲಕ ಹಳ್ಳಕ್ಕೆ ಮರಳುತ್ತದೆಂಬುದು ಅದರ ಭಾವ. ಲೆಕ್ಕ ಸರಿ. ಆದರೆ ಯಾವ ಸ್ಥಿತಿಯಲ್ಲಿ ಮರಳುತ್ತದೆ? ಚರಂಡಿಯಿಲ್ಲದೆ ನಿವೇಶನಗಳು ಹೆಚ್ಚಿದಂತೆಲ್ಲ ಪೇಟೆಯ ಕೊಳೆ ಕೆಳಗಿನ ಊರಿನ ಹಳ್ಳಕ್ಕೆ, ಬಾವಿಗೆ, ದನಗಳು ನೀರು ಕುಡಿಯುವ ಮಡುವಿಗೆ ಇಳಿಯುತ್ತದೆ. ಆ ಊರಿನವರು ಪುರಸಭೆಗೆ ಮತ ಹಾಕುವವರಲ್ಲ, ಅವರ ಮಾತು ಅಲ್ಲಿ ನಡೆಯುವುದೂ ಇಲ್ಲ.

ಆದ್ದರಿಂದ ಮುಂದಿನ ಸಲ ಹೊಸ ಬಡಾವಣೆಯ ಮಾತು ಬಂದಾಗ ನೀವು ಎರಡು ಪ್ರಶ್ನೆ ಕೇಳಿ. ಬೇಸಿಗೆಯಲ್ಲಿ ಕಾಲುವೆ ನಿಂತಾಗ ಈ ಮನೆಗಳಿಗೆ ನೀರನ್ನು ಎಲ್ಲಿ ಕೂಡಿಟ್ಟಿದ್ದೀರಿ? ಬಳಸಿದ ನೀರನ್ನು ಎಲ್ಲಿಗೆ ಬಿಡುತ್ತೀರಿ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಊರಿಗೂ ಸಲ್ಲುತ್ತದೆ. ಜಿಲ್ಲೆಯ ಬೇಡಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ. 2022ರ ಏಪ್ರಿಲ್‌ನಲ್ಲಿ ನಂದ್ಯಾಲ ಬೇರೆಯಾದ ಮೇಲೂ ನಾವು ಕರ್ನೂಲಿಗೇ ಓಡಾಡುತ್ತಿದ್ದೇವೆ. ಬಳ್ಳಾರಿ, ರಾಯಚೂರು ನಮಗೆ ಅದಕ್ಕಿಂತ ಹತ್ತಿರ. ಆದರೆ ಕಚೇರಿ ಹತ್ತಿರ ಬಂದ ಮಾತ್ರಕ್ಕೆ ನೀರು ಹತ್ತಿರ ಬರುವುದಿಲ್ಲ.

ರೈಲು ಬಂದ ಐದು ವರ್ಷಕ್ಕೇ ಬರ ಬಂತು. ಕಾಲುವೆ ಬರಲು ಎಂಬತ್ತೆರಡು ವರ್ಷ ಹಿಡಿಯಿತು. ಆ ನಡುವಿನ ಕಾಲದ ನಷ್ಟವನ್ನು ಹೊತ್ತವರು ನಮ್ಮ ಅಜ್ಜ ಮುತ್ತಜ್ಜಂದಿರು. ಪೇಟೆಯವರೂ ಹಳ್ಳಿಯವರೂ ಒಂದೇ ಕಾಲುವೆಯವರು. ಮೇಲಿನ ಸೋರಿಕೆ ನಿಲ್ಲಿಸಲು ಇಬ್ಬರೂ ಕೂಡಿ ಕೇಳಿದರೆ, ಕನ್ನಡದಲ್ಲಿ ಕೇಳಿದರೂ ತೆಲುಗಿನಲ್ಲಿ ಕೇಳಿದರೂ, ಆ ಮಾತಿಗೆ ತೂಕ ಬರುತ್ತದೆ.