ಚೀನ, ಜಪಾನು ಮತ್ತು ಬಾತುಕೋಳಿಯ ಗೊಬ್ಬರ

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ರಾಷ್ಟ್ರರಾಷ್ಟ್ರಗಳ ಪಶುಪಕ್ಷಿಗಳ ಗೊಬ್ಬರದಲ್ಲಿ ಅಡಗಿರುವ ಸಾರಜನಕದ ಮೊತ್ತವನ್ನು 1961ರಿಂದ ಮೊದಲ್ಗೊಂಡು ವರ್ಷಾನುಕ್ರಮವಾಗಿ ಲೆಕ್ಕಹಾಕಿಟ್ಟಿದೆ; ಹಸು ಹಂದಿಗಳ ಜೊತೆಗೆ ಬಾತುಕೋಳಿಗೂ ಅಲ್ಲೊಂದು ಸಾಲು ಉಂಟು. ಆ ಸಾಲಿನಲ್ಲಿ ಚೀನವನ್ನೂ ಜಪಾನನ್ನೂ ಅಕ್ಕಪಕ್ಕದಲ್ಲಿರಿಸಿ ನೋಡಿದರೆ, ಲೋಕದ ಬಾತುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಾನೊಂದೇ ಸಾಕುವ ಚೀನದ ಮುಂದೆ ಜಪಾನಿನದು ಗಣನೆಗೇ ಬಾರದಷ್ಟು ಅಲ್ಪ. ಆದರೆ ಈ ಸಾರಜನಕವನ್ನು ತಕ್ಕಡಿಯಲ್ಲಿಟ್ಟು ತೂಗಿದವರಿಲ್ಲ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಮಂಡಲಿಯ 2006ರ ಮಾರ್ಗಸೂಚಿಯನ್ನು ಅನುಸರಿಸಿದರೆ, 2.7 ಕಿಲೋಗ್ರಾಮ್ ತೂಕದ ಬಾತು ವರ್ಷಕ್ಕೆ ಸುಮಾರು 0.8 ಕಿಲೋಗ್ರಾಮ್ ಸಾರಜನಕವನ್ನು ವಿಸರ್ಜಿಸುತ್ತದೆ; ಇಂಥ ಪ್ರಮಾಣವನ್ನು ಬಾತುಗಳ ಸಂಖ್ಯೆಯಿಂದ ಗುಣಿಸಿದರೆ ಮೊತ್ತ ಸಿದ್ಧ. ಹೀಗಾಗಿ ಅಲ್ಲಿರುವುದು ಮುಖ್ಯವಾಗಿ ತಲೆಯೆಣಿಕೆ. ಹಿಕ್ಕೆಯು ಪೈರಿನ ಬುಡಕ್ಕೆ ಬಿದ್ದಿತೋ ಹೊಳೆಗೆ ಹರಿಯಿತೋ ಎಂಬುದನ್ನು ಅರಿಯಬೇಕಾದರೆ ಆ ಎರಡು ದೇಶಗಳ ಬೇಸಾಯದ ಇತಿಹಾಸವನ್ನೇ ವಿಚಾರಿಸಬೇಕು.

ಚೀನದ ದಕ್ಷಿಣದಲ್ಲಿ, ಪರ್ಲ್ ನದಿಯ ಮುಖಜಭೂಮಿಯಲ್ಲಿ, ಎಳೆಯ ಪೈರನ್ನು ಹಾಳುಗೆಡಹುವ ಸಣ್ಣ ಏಡಿಗಳ ಉಪದ್ರವವನ್ನು ಅಡಗಿಸಲು ಬಾತುಗಳ ಹಿಂಡನ್ನು ಗದ್ದೆಗೆ ಬಿಡುತ್ತಿದ್ದ ರೂಢಿಯನ್ನು 17ನೆಯ ಶತಮಾನದಲ್ಲಿ ಗ್ವಾಂಗ್‌ಡಾಂಗ್ ಪ್ರಾಂತವನ್ನು ಕುರಿತು ಗ್ರಂಥ ಬರೆದ ಚು ದಾಜುನ್ ಎಂಬ ವಿದ್ವಾಂಸನು ನಮೂದಿಸಿದ್ದಾನೆ. ಫೂಜಿಯಾನಿನಲ್ಲಿ 16ನೆಯ ಶತಮಾನದ ಅಂತ್ಯಭಾಗದಲ್ಲಿ ಮಿಡತೆಗಳ ಮೇಲೆ ಬಾತುಮರಿಗಳನ್ನು ಬಿಟ್ಟ ಉದಾಹರಣೆಯೂ ಉಂಟು. ಗೊಬ್ಬರದ ಆಸೆಯೇ ಇದಕ್ಕೆಲ್ಲ ಮೂಲವೆಂದು ಹೇಳಲಾಗದು. ಏಡಿ, ಕೀಟ, ಕಳೆ, ಉದುರಿದ ಕಾಳುಗಳನ್ನು ತಿಂದು ಮೊಟ್ಟೆಯನ್ನೂ ಮಾಂಸವನ್ನೂ ಕೊಡುವ ಹಕ್ಕಿಯು ತಾನು ನಡೆದಾಡಿದಲ್ಲೆಲ್ಲ ಸಾರವನ್ನು ಬಿಟ್ಟುಹೋಗುತ್ತಿದ್ದುದು ಬೇಡದೆ ಬಂದ ಲಾಭ. 1909ರಲ್ಲಿ ಚೀನ, ಕೊರಿಯ, ಜಪಾನುಗಳಲ್ಲಿ ಸಂಚರಿಸಿದ ಅಮೆರಿಕದ ಮಣ್ಣುವಿಜ್ಞಾನಿ ಎಫ್. ಎಚ್. ಕಿಂಗ್, 1911ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬಹುವಾಗಿ ಕೊಂಡಾಡಿದುದು ಬಾತಿನ ಹಿಕ್ಕೆಯನ್ನಲ್ಲ, ಮನುಷ್ಯರ ಮಲ, ಕಾಲುವೆಯ ಹೂಳು, ಹಸುರುಗೊಬ್ಬರಗಳನ್ನು.

ಈ ಹಳೆಯ ಕ್ರಮವನ್ನು ಕದಲಿಸಿದುದು ವಾಯುವಿನ ಸಾರಜನಕವನ್ನೇ ಹಿಡಿದು ಅಮೋನಿಯವನ್ನಾಗಿಸುವ ಕಾರ್ಖಾನೆ. ಜಪಾನಿನ ನೊಬೆಯೋಕದಲ್ಲಿ ಅಂಥದೊಂದು 1923ರಲ್ಲೇ ಆರಂಭವಾಯಿತು. ಚೀನವು 13 ಬೃಹತ್ ಕಾರ್ಖಾನೆಗಳನ್ನು ವಿದೇಶಗಳಿಂದ ತರಿಸಲು ಒಪ್ಪಂದ ಮಾಡಿಕೊಂಡುದು 1970ರ ದಶಕದ ಆದಿಯಲ್ಲಿ. ರಾಸಾಯನಿಕ ಗೊಬ್ಬರದ ಬೆನ್ನಿಗೇ ಕೀಟನಾಶಕ, ಕಳೆನಾಶಕಗಳು ಬರಲು ಬಾತಿಗೆ ಗದ್ದೆಯಲ್ಲಿ ಕೆಲಸವೂ ಉಳಿಯಲಿಲ್ಲ, ನಿರ್ವಿಷವಾದ ನೀರೂ ಉಳಿಯಲಿಲ್ಲ.

ಜಪಾನಿನಲ್ಲಿ ಬಾತು ಗದ್ದೆಗೆ ಮರಳಿ ಬಂದ ವೃತ್ತಾಂತವು ಸ್ವಾರಸ್ಯವಾದುದು. ಫುಕುವೋಕ ಪ್ರಾಂತದ ಕೇಯ್ಸೆನ್ ಎಂಬಲ್ಲಿನ ರೈತ ತಕಾವೊ ಫುರುನೊ, ರಾಸಾಯನಿಕಗಳನ್ನು ತ್ಯಜಿಸಿ ವರ್ಷಾನುವರ್ಷ ಕಳೆಯೊಡನೆ ಹೆಣಗಿದ ಮೇಲೆ, 1988ರಲ್ಲಿ ಐಗಾಮೊ ಎಂಬ ಮಿಶ್ರತಳಿಯ ಬಾತುಮರಿಗಳನ್ನು ನಾಟಿಯಾದ ಗದ್ದೆಗೆ ಬಿಟ್ಟರು. ಸುತ್ತಲೂ ಬಲೆ ಅಥವಾ ವಿದ್ಯುತ್ ಬೇಲಿ, ಒಳಗೆ 10 ಆರ್, ಎಂದರೆ ಹೆಕ್ಟೇರಿನ ಹತ್ತನೆಯ ಒಂದು ಪಾಲು, ನೆಲಕ್ಕೆ 15ರಿಂದ 20 ಮರಿ. ತೆನೆ ಹೊರಟೊಡನೆ ಬಾತುಗಳನ್ನು ಹೊರತೆಗೆಯಬೇಕು, ಇಲ್ಲವಾದರೆ ಕಳೆ ಕಿತ್ತ ಕೊಕ್ಕೇ ಭತ್ತವನ್ನೂ ಮುಗಿಸೀತು. ಮೊದಲು ಹೇಳಿದ ವಿಸರ್ಜನೆಯ ಪ್ರಮಾಣದಂತೆ ಎಣಿಸಿದರೆ, ಬೆಳೆದ 20 ಬಾತುಗಳೇ ಎರಡು ತಿಂಗಳು ಅಲ್ಲಿದ್ದರೂ ಸಾರಜನಕವು 3 ಕಿಲೋಗ್ರಾಮ್ ಮುಟ್ಟದು; ಮರಿಗಳದು ಇನ್ನೂ ಕಡಮೆ. ಅದರಲ್ಲಿಯೂ ಬಹುಪಾಲು ಆ ಗದ್ದೆಯದೇ ಆಗಿದ್ದು, ಕಳೆಯಿಂದಲೂ ಹುಳುವಿನಿಂದಲೂ ಬಾತಿನ ಹೊಟ್ಟೆಯ ಮೂಲಕ ಹಾದು ಬಂದುದು; ಹೊರಗಿನಿಂದ ಕೂಡಿಕೊಂಡದ್ದು ಹಾಕಿದ ಮೇವಿನಷ್ಟೇ. ಬಾತು ಸಾರಜನಕವನ್ನು ಸೃಷ್ಟಿಸುವುದಿಲ್ಲ. ಇದನ್ನರಿತೇ ಫುರುನೊ ಅವರು ವಾಯುವಿನ ಸಾರಜನಕವನ್ನು ಹಿಡಿದಿಡುವ ಅಜೋಲ ಎಂಬ ಜಲಸಸ್ಯವನ್ನೂ ಗದ್ದೆಗೆ ಸೇರಿಸಿದರು. ಬಾತು ಅದನ್ನು ಮೇದು ಗೊಬ್ಬರವನ್ನಾಗಿ ಮಾಡುತ್ತದೆ.

ಚೀನದಲ್ಲಿ ಬಾತುಗಳ ಸಂಖ್ಯೆ ಮಾಂಸದ ಬೇಡಿಕೆಯೊಡನೆ ಏರುತ್ತ ಹೋಯಿತು. ಹಿಂಡು ಗದ್ದೆಯಿಂದ ಕೊಟ್ಟಿಗೆಗೆ ಸರಿಯಿತು. ಗ್ವೇಜೋ ಪ್ರಾಂತದ ತ್ಸೊಂಗ್‌ಜಿಯಾಂಗಿನಲ್ಲಿ ಡಾಂಗ್ ಜನರು ಭತ್ತ, ಮೀನು, ಬಾತುಗಳನ್ನು ಒಂದೇ ಗದ್ದೆಯಲ್ಲಿ ಬೆಳೆಸುವ ಪದ್ಧತಿಯನ್ನು 2011ರಲ್ಲಿ ಅದೇ ಆಹಾರ ಮತ್ತು ಕೃಷಿ ಸಂಸ್ಥೆಯು ಕೃಷಿಪರಂಪರೆಯ ತಾಣವೆಂದು ಮನ್ನಿಸಿದುದು ಸಂತೋಷದ ಸಂಗತಿಯೇ ಆದರೂ, ಪರಂಪರೆಯೆಂಬ ಗೌರವವು ಬಹುತೇಕ ಅಳಿವಿನಂಚಿನಲ್ಲಿರುವುದಕ್ಕೇ ಸಲ್ಲುತ್ತದೆ. ಕೊಟ್ಟಿಗೆಯಲ್ಲಿ ರಾಶಿಬಿದ್ದ ಹಿಕ್ಕೆಗೆ ಸಮೀಪದಲ್ಲಿ ಹೊಲವಿಲ್ಲದಿದ್ದರೆ ಅದರ ಸಾರವು ಅಮೋನಿಯವಾಗಿ ಗಾಳಿಗೆ ಏರುತ್ತದೆ, ಇಲ್ಲವೆ ಕೆರೆಯಲ್ಲಿ ಪಾಚಿಯನ್ನು ಬೆಳೆಸುತ್ತದೆ. ಎರಡು ದೇಶಗಳನ್ನು ಹೋಲಿಸುವವರು ಮೊತ್ತವನ್ನಲ್ಲ, ಹಿಕ್ಕೆಗೂ ಪೈರಿಗೂ ಇರುವ ದೂರವನ್ನು ನೋಡಬೇಕೆಂದು ನನ್ನ ಮತ. ಆ ದೃಷ್ಟಿಯಿಂದ ಕೇಯ್ಸೆನ್ನಿನ ಗದ್ದೆಗೆ ತ್ಸೊಂಗ್‌ಜಿಯಾಂಗಿನ ಗದ್ದೆಯೇ ಹತ್ತಿರದ ಬಂಧು. ಹಿಕ್ಕೆಯು ಪೈರಿನಿಂದ ದೂರವಾದರೆ ಆಗುವ ಹಾನಿ ಚೀನದ ಗಮನಕ್ಕೂ ಬಾರದೆ ಇರಲಿಲ್ಲ. ಅಲ್ಲಿನ ಸರ್ಕಾರವು 2010ರಲ್ಲಿ ಪ್ರಕಟಿಸಿದ ಮೊದಲ ಮಾಲಿನ್ಯಗಣತಿಯು ಜಲಮಾಲಿನ್ಯದಲ್ಲಿ ಬೇಸಾಯ ಮತ್ತು ಪಶುಸಂಗೋಪನೆಗಳ ಪಾಲು ಬಲು ದೊಡ್ಡದೆಂದು ತೋರಿಸಿತು. ದೊಡ್ಡ ಪಶುಪಕ್ಷಿ ಸಾಕಣೆಗಳ ಮಾಲಿನ್ಯವನ್ನು ತಡೆಯುವ ನಿಯಮಾವಳಿಯು 2014ರ ಜನವರಿ 1ರಂದು ಅಲ್ಲಿ ಜಾರಿಗೆ ಬಂದಿತು.